ಬನವಾಸಿ ಅನಾನಸ್‌ನಿಂದ ವೈನ್: ಸಣ್ಣ ವೈನರಿಗೆ ನಿಜವಾಗಿ ಎಷ್ಟು ದುಡ್ಡು ಬೇಕು?

ಬನವಾಸಿ_ರೋಡ್
ಎಲ್ಲರಿಗೂ ನಮಸ್ಕಾರ. ಬನವಾಸಿ ಹತ್ತಿರ ನಮ್ಮದು ನಾಲ್ಕು ಎಕರೆ ಅನಾನಸ್, ಜೊತೆಗೆ ಸ್ವಲ್ಪ ಅಡಿಕೆ ತೋಟ. ಅಡಿಕೆಗೆ ಮೊದಲು ಕೊಳೆ ರೋಗ ಒಂದೇ ಇತ್ತು, ಈಗ ಎಲೆಚುಕ್ಕಿ ರೋಗವೂ ಸೇರಿದೆ. ಅನಾನಸ್ ಕತೆ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ವಾರ ದೆಹಲಿ ಲಾರಿಯವರು ತೋಟಕ್ಕೇ ಬಂದು ನಿಲ್ಲುತ್ತಾರೆ, ಮುಂದಿನ ವಾರ ನಾವು ಫೋನ್ ಮಾಡಿದರೂ ಎತ್ತುವುದಿಲ್ಲ.

ಅದಕ್ಕೆ ಸಣ್ಣದೊಂದು ವೈನರಿ ಮಾಡುವ ಯೋಚನೆ ಇದೆ. ವರ್ಷಕ್ಕೆ 10,000 ಲೀಟರ್ ಸಾಕು. ಅನಾನಸ್ ಮುಖ್ಯ. ಆಮೇಲೆ ಹಲಸು, ಮುರುಗಲು (ಕೋಕಂ), ನೇರಳೆ ನೋಡಬಹುದು. ಕೈಯಲ್ಲಿ 25 ಲಕ್ಷ ಇದೆ, ಉಳಿದದ್ದು ಬ್ಯಾಂಕ್ ಸಾಲ. ಯೂಟ್ಯೂಬ್‌ನಲ್ಲಿ ಒಬ್ಬರು 15 ಲಕ್ಷಕ್ಕೆ ಎಲ್ಲಾ ಆಗುತ್ತದೆ ಅಂತಾರೆ. ಒಬ್ಬ ಕನ್ಸಲ್ಟೆಂಟ್ ಎರಡು ಕೋಟಿ ಇಲ್ಲದೆ ಮಾತಾಡಬೇಡಿ ಅಂದರು. ಗೊತ್ತಿರುವವರು ಬಿಡಿಸಿ ಹೇಳಿ.

ಮೀನ್_ಪೇಟೆ_ಕಾರವಾರ
ಮೊದಲ ಬಾಟ್ಲಿ ನನಗೆ. ಹಣ ಆಮೇಲೆ ಮಾತಾಡೋಣ.

ಕಾಳಿ_ದಂಡೆ
ಕಾರವಾರದಲ್ಲಿ ಹೋಟೆಲ್ ನಡೆಸಿದವನು ನಾನು. ಒಂದೇ ಪ್ರಶ್ನೆ: ಯಾರಿಗೆ ಮಾರ್ತೀರಿ? ನಮ್ಮೂರಿಂದ ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಎಲ್ಲಾ ಸೋವಿ. ಪೋರ್ಟ್ ವೈನ್ ಅಂತ ಸಿಹಿ ಸಿಹಿ ಬಾಟ್ಲಿ ಸಿಗುತ್ತದೆ, ನಮ್ಮ ಜನಕ್ಕೆ ವೈನ್ ಅಂದರೆ ಅದೇ. ಅದರ ಎದುರು ನಿಮ್ಮ 600 ರೂಪಾಯಿ ಅನಾನಸ್ ವೈನ್ ನಿಲ್ಲಬೇಕು.

ಪೊಳೆಂ_ದಾರಿ
@ಕಾಳಿ_ದಂಡೆ ಪರ್ಮಿಟ್ ಇಲ್ಲದೆ ಗೋವಾ ಬಾಟ್ಲಿ ತರುವುದು ಅಪರಾಧ. ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಸಿಕ್ಕಿಬಿದ್ದವರ ಕತೆ ಕೇಳಿ.

ಕಾಳಿ_ದಂಡೆ
ನಾನು ತರ್ತೇನೆ ಅಂದೆನಾ ಮಾರಾಯ್ರೇ? ಜನ ಅಲ್ಲೇ ಹೋಗಿ ಕುಡಿದು ಬರ್ತಾರೆ ಅಂದೆ.

ಟ್ಯಾಂಕ್_ಮೇಸ್ತ್ರಿ
ಕುಮಟಾದವನು, ನಾಸಿಕ್ ಕಡೆ ವೈನರಿಗಳಲ್ಲಿ ಸೆಲ್ಲಾರ್ ಕೆಲಸ ಮಾಡಿ ಈಗ ಊರಲ್ಲಿದ್ದೇನೆ. ಯಂತ್ರದ ಲೆಕ್ಕ ನಾನು ಹೇಳ್ತೇನೆ, ಉಳಿದದ್ದು ಬೇರೆಯವರು ಹೇಳಲಿ.

ದ್ರಾಕ್ಷಿ ವೈನರಿ ನೋಡಿ ಹಣ್ಣಿನ ವೈನರಿ ಲೆಕ್ಕ ಹಾಕಬೇಡಿ. ಅಲ್ಲಿ ಕೊಯ್ಲು ವರ್ಷಕ್ಕೆ ಒಂದೇ ಸಲ, ಜನವರಿಯಿಂದ ಮಾರ್ಚ್ ಒಳಗೆ. ವರ್ಷದ ಎಲ್ಲಾ ರಸ ಒಟ್ಟಿಗೆ ಬರುತ್ತದೆ. 10,000 ಲೀಟರ್ ಮಾಡುವವನಿಗೆ 10,000 ಲೀಟರ್‌ಗಿಂತ ಜಾಸ್ತಿ ಟ್ಯಾಂಕ್ ಬೇಕು. ಅನಾನಸ್ ಹಾಗಲ್ಲ. ನೀವು ಎಥ್ರೆಲ್ ಹೊಡೆದು ಹೂ ಬರಿಸುವವರು, ಕೊಯ್ಲು ಯಾವಾಗ ಬೇಕೆಂದು ನೀವೇ ತೀರ್ಮಾನ ಮಾಡ್ತೀರಿ. 2,000 ಲೀಟರ್‌ನ ಎರಡು ಫರ್ಮೆಂಟೇಶನ್ ಟ್ಯಾಂಕ್ ತೆಗೆದುಕೊಳ್ಳಿ. ನೊರೆ ಉಕ್ಕುತ್ತದೆ, ಹಾಗಾಗಿ ಪೂರ್ತಿ ತುಂಬುವಂತಿಲ್ಲ, 1,600 ಲೀಟರ್ ಹಾಕಿ. ಎರಡರಿಂದ ಒಂದು ಸುತ್ತಿಗೆ 3,200. ವರ್ಷಕ್ಕೆ ಮೂರು ಸುತ್ತಿನಲ್ಲಿ 9,600 ಲೀಟರ್ ಆಯ್ತು. ತಿಳಿಯಾಗಲು ಇಡೋದಕ್ಕೆ ಇನ್ನೊಂದು 6,000 ಲೀಟರ್ ಜಾಗ ಬೇಕು.

ಎಲ್ಲರೂ ದುಡ್ಡು ಉಳಿಸೋಕೆ ನೋಡುವುದು ಟ್ಯಾಂಕ್ ತಂಪು ಮಾಡುವ ಚಿಲ್ಲರ್‌ನಲ್ಲಿ. ಅಲ್ಲೇ ಕೆಡುವುದು. ಹಣ್ಣಿನ ರಸ 15ರಿಂದ 18 ಡಿಗ್ರಿಯಲ್ಲಿ ನಿಧಾನ ಹುದುಗಬೇಕು, ಆಗ ಮಾತ್ರ ಹಣ್ಣಿನ ಪರಿಮಳ ಉಳಿಯುತ್ತದೆ. ಹುದುಗುವಾಗ ರಸ ತಾನೇ ಬಿಸಿ ಆಗುತ್ತದೆ. ಹೊರಗೆ 32 ಡಿಗ್ರಿ ಇದ್ದರೆ ಒಳಗೆ ಇನ್ನೂ ಮೇಲೆ. ಎರಡು ದಿನ ಹಾಗೇ ಬಿಟ್ಟರೆ ಅನಾನಸ್ ಅಲ್ಲ, ಬೇಯಿಸಿದ ಬೆಲ್ಲದ ವಾಸನೆ. ಆದ್ದರಿಂದ ತಂಪು ದ್ರವ ಸುತ್ತುವ ಹೊರಪದರ (ಜಾಕೆಟ್) ಇರುವ ಟ್ಯಾಂಕ್, ಆ ದ್ರವ ತಂಪು ಮಾಡುವ ಗ್ಲೈಕಾಲ್ ಚಿಲ್ಲರ್, ಮಳೆಗಾಲದಲ್ಲಿ ಕರೆಂಟ್ ಹೋದರೆ ಜನರೇಟರ್. ತೊಳೆಯುವುದು, ಸಿಪ್ಪೆ ತೆಗೆಯುವುದು, ಹಿಂಡುವುದು, ಪಂಪ್, ಫಿಲ್ಟರ್, ಬಾಟ್ಲಿ ತುಂಬುವ ಸಣ್ಣ ಯಂತ್ರ, ಕಾರ್ಕ್ ಹಾಕುವುದು ಎಲ್ಲಾ ಸೇರಿ 30ರಿಂದ 40 ಲಕ್ಷ ಅಂತ ನನ್ನ ಅಂದಾಜು. ಹಳೆಯದು ಸಿಕ್ಕರೆ ಸ್ವಲ್ಪ ಇಳಿಯಬಹುದು.

ಬನವಾಸಿ_ರೋಡ್
ಮರದ ಬ್ಯಾರೆಲ್ ಬೇಡವಾ? ಕನ್ಸಲ್ಟೆಂಟ್ ಪಟ್ಟಿಯಲ್ಲಿ ಹತ್ತು ಬ್ಯಾರೆಲ್ ಇದೆ.

ಟ್ಯಾಂಕ್_ಮೇಸ್ತ್ರಿ
ಫೋಟೋಗೆ ಬೇಕಾದರೆ ಒಂದು ಹಳೇದು ತಂದಿಡಿ. ಒಂದು ಬ್ಯಾರೆಲ್‌ನಲ್ಲಿ 225 ಲೀಟರ್ ಹಿಡಿಯುತ್ತದೆ, ಅಂದರೆ 300 ಬಾಟ್ಲಿ. ಫ್ರಾನ್ಸ್ ಓಕ್‌ಗೆ ಒಂದಕ್ಕೇ ಲಕ್ಷದ ಹತ್ತಿರ ಹೋಗುತ್ತದೆ. ಅದು ದಪ್ಪ ಕೆಂಪು ದ್ರಾಕ್ಷಿ ವೈನ್‌ಗೆ. ಅನಾನಸ್‌ಗೆ ಓಕ್ ಹಾಕಿದರೆ ನಿಮ್ಮ ಹಣ್ಣೇ ಮಾಯ. ಆ ಕನ್ಸಲ್ಟೆಂಟ್ ಹಣ್ಣಿನ ವೈನ್ ಕುಡಿದಿದ್ದಾರಾ ಕೇಳಿ.

ಇನ್ನೊಂದು ಮಾತು. ಕಾರವಾರ, ಅಂಕೋಲಾ, ಕುಮಟಾ ಹೀಗೆ ಕಡಲ ಬದಿ ಶೆಡ್ ಹಾಕುವವರು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ತೆಗೆದುಕೊಳ್ಳುವ ಮುಂಚೆ ಯೋಚಿಸಿ. ಉಪ್ಪು ಗಾಳಿಗೆ ಅದರ ಮೇಲೂ ಚುಕ್ಕಿ ಚುಕ್ಕಿ ತುಕ್ಕು ಕೂರುತ್ತದೆ. ವೈನ್ ಕೆಡದಂತೆ ಹಾಕುವ ಸಲ್ಫೈಟ್‌ನ ಹೊಗೆ ಟ್ಯಾಂಕ್‌ನ ಮೇಲ್ಭಾಗವನ್ನು ಒಳಗಿಂದ ತಿನ್ನುತ್ತದೆ. 316 ದರ್ಜೆ ದುಬಾರಿ, ಆದರೆ ಮುಚ್ಚಳದ ಭಾಗಕ್ಕಾದರೂ ಬೇಕು. ಶಿರಸಿಯಲ್ಲಿ ಉಪ್ಪಿನ ಕಾಟ ಇಲ್ಲ. ಘಟ್ಟದ ಮೇಲೆ ಮಾಡೋದಕ್ಕೆ ಇದೂ ಒಂದು ಕಾರಣ.

ಸೊಪ್ಪಿನಬೆಟ್ಟ
ಸಿದ್ದಾಪುರದಿಂದ. ಶೆಡ್ ಎಲ್ಲಿ ಹಾಕ್ತೀರಿ? ಮಾಲ್ಕಿ (ಸ್ವಂತ ಹಕ್ಕಿನ) ಜಮೀನಾ, ಬೆಟ್ಟವಾ? ಬೆಟ್ಟದಲ್ಲಾದರೆ ಇಲ್ಲಿಗೇ ಕತೆ ಮುಗೀತು. ಸೊಪ್ಪಿನ ಬೆಟ್ಟ ಕೊಟ್ಟದ್ದು ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರೋಕೆ, ಫ್ಯಾಕ್ಟರಿ ಕಟ್ಟೋಕೆ ಅಲ್ಲ. ಮಾಲ್ಕಿ ಆದರೂ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಬೇಕು, ಅರ್ಜಿ ಜಿಲ್ಲಾಧಿಕಾರಿಗೆ. ನಮ್ಮ ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡು. ಪಕ್ಕದ ಸರ್ವೆ ನಂಬರ್ ಅರಣ್ಯ ಆಗಿದ್ದರೆ ಆ ಇಲಾಖೆಯ ಬಾಗಿಲನ್ನೂ ತಟ್ಟಬೇಕು. ಕಡಲ ಬದಿಯಲ್ಲಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಇದೆ, ಉಬ್ಬರದ ಗೆರೆಯಿಂದ 500 ಮೀಟರ್.

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಜನ ಕುಣಿದರು. ಕೊಳ್ಳುವುದು ಬೇರೆ, ಅದರ ಮೇಲೆ ಕಾರ್ಖಾನೆ ಕಟ್ಟುವುದು ಬೇರೆ.

ಬನವಾಸಿ_ರೋಡ್
ಮಾಲ್ಕಿ ಜಾಗ ಇದೆ, ರಸ್ತೆ ಬದಿಗೆ. ಅಪ್ಪಯ್ಯನ ಹೆಸರಲ್ಲಿದೆ.

ಸೊಪ್ಪಿನಬೆಟ್ಟ
ಹಾಗಾದರೆ ಮೊದಲ ಲೈಸೆನ್ಸ್ ಅಪ್ಪಯ್ಯನಿಂದ ತಗೊಳ್ಳಿ. 😄

ಬನವಾಸಿ_ರೋಡ್
ಅದೇ ಕಷ್ಟ. ಆಯಿಗೆ ಇನ್ನೂ ಜ್ಯೂಸ್ ಫ್ಯಾಕ್ಟರಿ ಅಂತಲೇ ಹೇಳಿದ್ದೇನೆ.

ಗೇರುಗುಡ್ಡೆ_ಹೊನ್ನಾವರ
ಅನಾನಸ್ ಬಿಡಿ, ಗೇರು ಹಣ್ಣು ಮಾಡಿ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಬೀಜ ಕಿತ್ತು ಹಣ್ಣು ಗುಡ್ಡೆಯಲ್ಲೇ ಬಿಟ್ಟು ಬರ್ತೇವೆ. ಪುಕ್ಕಟೆ ಕಚ್ಚಾ ಮಾಲು! ಗೋವಾದವರು ಅದರಿಂದ ಫೆನಿ ಮಾಡಿ 2009ರಲ್ಲೇ ಜಿಐ (ಭೌಗೋಳಿಕ ಗುರುತು) ಟ್ಯಾಗ್ ತಗೊಂಡರು, ನಾವು ದನಕ್ಕೆ ಹಾಕ್ತಾ ಕೂತಿದ್ದೇವೆ.

ಟ್ಯಾಂಕ್_ಮೇಸ್ತ್ರಿ
ಫೆನಿ ಭಟ್ಟಿ ಇಳಿಸಿದ್ದು. ವೈನರಿ ಲೈಸೆನ್ಸ್‌ನಲ್ಲಿ ಭಟ್ಟಿ ಇಡುವಂತಿಲ್ಲ, ಅದು ಬೇರೆಯೇ ಲೈಸೆನ್ಸ್. ಗೇರು ಹಣ್ಣಿನ ವೈನ್ ಮಾಡಬಹುದು, ಆದರೆ ಹಣ್ಣು ಕೊಯ್ದ ಮಾರನೇ ದಿನಕ್ಕೇ ಕೊಳೆಯಲು ಶುರು. ನಾಲಿಗೆ ಹಿಡಿಯುವ ಒಗರು ತೆಗೆಯಬೇಕು. ಪುಕ್ಕಟೆ ಹಣ್ಣನ್ನು ಗುಡ್ಡೆ ಗುಡ್ಡೆ ಸುತ್ತಿ ಅದೇ ದಿನ ಒಟ್ಟು ಮಾಡೋಕೆ ಆಳಿನ ಕೂಲಿ ಎಷ್ಟು? ಅನಾನಸ್ ಹಣ ಕೊಟ್ಟು ತಂದರೂ ಅದಕ್ಕಿಂತ ಸಸ್ತಾ ಬಿದ್ದೀತು.

ಗೇರುಗುಡ್ಡೆ_ಹೊನ್ನಾವರ
ಕೂಲಿ ಮಾತು ಒಪ್ಪಿದೆ. ಈಗ ಬೀಜ ಹೆಕ್ಕೋಕೇ ಜನ ಇಲ್ಲ.

ಲೆಕ್ಕದ_ಹೆಗಡೆ
ಶಿರಸಿಯಲ್ಲಿ ಅಕೌಂಟ್ಸ್ ನೋಡುವವನು. ಎಲ್ಲರೂ ಯಂತ್ರದ ರೇಟು ಕೇಳ್ತಾರೆ. ನನಗೆ ಯಂತ್ರದ ಚಿಂತೆ ಇಲ್ಲ, ಅದಕ್ಕೆ ಸಾಲ ಸಿಗುತ್ತದೆ. ವರ್ಷ ನಡೆಸುವ ಖರ್ಚು ನೋಡೋಣ. ಕೆಳಗಿನ ರೇಟುಗಳು ನಾನು ಅಂದಾಜಿಗೆ ಹಿಡಿದದ್ದು, ನಿಮ್ಮ ರೇಟು ಹಾಕಿ ತಿದ್ದಿಕೊಳ್ಳಿ.

10,000 ಲೀಟರ್ ಅಂದರೆ 750 ಎಂಎಲ್‌ನ ಸುಮಾರು 13,300 ಬಾಟ್ಲಿ. ಅನಾನಸ್ ತೂಕದಲ್ಲಿ ಅರ್ಧ ರಸ ಅಂತ ಹಿಡಿದರೆ 20 ಟನ್ ಹಣ್ಣು. ಕೆಜಿಗೆ 20 ರೂಪಾಯಿಯಂತೆ 4 ಲಕ್ಷ. ನಿಮ್ಮ ತೋಟದ್ದೇ ಆದರೂ ಈ 4 ಲಕ್ಷ ಬರೆಯಲೇಬೇಕು, ಯಾಕೆಂದರೆ ಲಾರಿಗೆ ಹಾಕಿದ್ದರೆ ಅಷ್ಟು ಬರ್ತಿತ್ತು. ಇದನ್ನು ಬಿಟ್ಟು ಲೆಕ್ಕ ಹಾಕಿ ಲಾಭ ಅನ್ನುವವರು ಬಹಳ ಜನ. ಸಕ್ಕರೆ: 1% ಮದ್ಯಸಾರಕ್ಕೆ ಲೀಟರ್‌ಗೆ ಸುಮಾರು 17 ಗ್ರಾಂ ಸಕ್ಕರೆ ಬೇಕು. 12% ಬೇಕಿದ್ದರೆ 204 ಗ್ರಾಂ. ಅನಾನಸ್ ರಸದಲ್ಲಿ ಇರೋದು 120ರ ಆಸುಪಾಸು, ಉಳಿದ 85 ಗ್ರಾಂ ನೀವು ಹಾಕಬೇಕು. ಒಟ್ಟು 850 ಕೆಜಿ, 40 ಸಾವಿರದೊಳಗೆ ಮುಗಿಯುತ್ತದೆ. ಯೀಸ್ಟ್, ಎನ್‌ಝೈಮ್, ಸಲ್ಫೈಟ್, ಫಿಲ್ಟರ್ ಹಾಳೆ, ಲ್ಯಾಬ್ ಸೇರಿ 50 ಸಾವಿರ ಇಡಿ.

ಈಗ ಗಾಜಿನ ಬಾಟ್ಲಿ, ಕಾರ್ಕ್, ಕ್ಯಾಪ್ಸೂಲ್, ಲೇಬಲ್, ರಟ್ಟಿನ ಪೆಟ್ಟಿಗೆ. ಒಂದು ಬಾಟ್ಲಿಗೆ 60 ರೂಪಾಯಿ ಹಿಡಿದರೂ 8 ಲಕ್ಷ. ನೋಡಿ, ಒಳಗಿರುವ ಹಣ್ಣಿನ ಎರಡು ಪಟ್ಟು ಹೊರಗಿನ ಗಾಜಿಗೆ. ವೈನ್ ಗೊತ್ತಿರುವ ಒಬ್ಬ ಮನುಷ್ಯನಿಗೆ ತಿಂಗಳಿಗೆ 50 ಸಾವಿರ, ವರ್ಷಕ್ಕೆ 6 ಲಕ್ಷ. ಇಬ್ಬರು ಕೆಲಸದವರಿಗೆ 3.6 ಲಕ್ಷ. ಕರೆಂಟ್, ಡೀಸೆಲ್, ನೀರು 2.5 ಲಕ್ಷ.

ಕೂಡಿಸಿ. 25 ಲಕ್ಷ. ನಿಮ್ಮ ಕೈಯಲ್ಲಿರುವುದೂ ಅಷ್ಟೇ. ಶೆಡ್ ಇಲ್ಲ, ಟ್ಯಾಂಕ್ ಇಲ್ಲ, ಲೈಸೆನ್ಸ್ ಇಲ್ಲ, ಸಾಲದ ಬಡ್ಡಿ ಇಲ್ಲ, ಒಂದು ಬಾಟ್ಲಿಯೂ ಮಾರಿಲ್ಲ.

ಮೀನ್_ಪೇಟೆ_ಕಾರವಾರ
ಬಾಟ್ಲಿ ಬೇಡ, ಕೊಡಪಾನದಲ್ಲಿ ಕೊಡಿ. 8 ಲಕ್ಷ ಉಳೀತು.

ಲೆಕ್ಕದ_ಹೆಗಡೆ
ತಮಾಷೆ ಅಲ್ಲ, ಬಾಟ್ಲಿ ವಿಷಯದಲ್ಲಿ ಇನ್ನೊಂದು ಪೆಟ್ಟಿದೆ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗೆ. ಬಾಟ್ಲಿ, ಯಂತ್ರ, ಲೇಬಲ್ ಕೊಳ್ಳುವಾಗ ಜಿಎಸ್‌ಟಿ ಕಟ್ಟಿರ್ತೀರಿ. ಜ್ಯೂಸ್ ಮಾಡುವವನು ಅದನ್ನು ಇನ್‌ಪುಟ್ ಕ್ರೆಡಿಟ್ ಅಂತ ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ತಾನೆ. ವೈನ್ ಮಾಡುವವನಿಗೆ ಆ ದಾರಿ ಇಲ್ಲ, ಕಟ್ಟಿದ್ದು ಹೋಯಿತು. ಕೊಟೇಶನ್‌ನಲ್ಲಿ "ಟ್ಯಾಕ್ಸ್ ಬೇರೆ" ಅಂತ ಸಣ್ಣಕ್ಷರದಲ್ಲಿ ಇರ್ತದಲ್ಲ, ಅದನ್ನು ಖರ್ಚಿಗೇ ಸೇರಿಸಿ.

ಕಾಳಿ_ದಂಡೆ
ಹೆಗಡೇರ ಲೆಕ್ಕದಲ್ಲಿ ಬಾಟ್ಲಿಗೆ 190 ರೂಪಾಯಿ ಆಯ್ತು. ಅಂಗಡಿಯಲ್ಲಿ 600ಕ್ಕೆ ಇಟ್ಟರೂ ಅಬಕಾರಿ ಸುಂಕ, ಅಂಗಡಿಯವನ ಪಾಲು, ಲಾರಿ, ಒಡೆದದ್ದು, ಪುಕ್ಕಟೆ ರುಚಿ ನೋಡಿಸಿದ್ದು ಎಲ್ಲಾ ಕಳೆದು ಅರ್ಧ ಕೈಗೆ ಬಂದರೆ ಪುಣ್ಯ. ಅದೂ 13,300 ಬಾಟ್ಲಿ ಪೂರ್ತಿ ಹೋದರೆ. ಮೊದಲ ವರ್ಷ ಮೂರನೇ ಒಂದು ಭಾಗ ಹೋದರೆ ನಾನೇ ಬಂದು ಹಾರ ಹಾಕ್ತೇನೆ.

ಜಾಹೀರಾತು ಕೊಡುವಂತಿಲ್ಲ, ಗೊತ್ತಲ್ಲ? ಪೇಪರಿಗೆ, ಟೀವಿಗೆ ಹಾಕಿ ಮಾರುವ ದಾರಿಯೇ ಇಲ್ಲ. ನಾಸಿಕ್‌ನಲ್ಲಿ ಸುಲಾ ವೈನ್ ಕಂಪನಿಯವರು ಜನರನ್ನೇ ತೋಟಕ್ಕೆ ಕರೆದರು. ಟೂರು, ರುಚಿ ನೋಡುವ ಕೋಣೆ, ಊಟ, ವಸತಿ. 2022ರ ಡಿಸೆಂಬರ್‌ನಲ್ಲಿ ಶೇರು ಮಾರುಕಟ್ಟೆಗೂ ಬಂದರು. ಅವರು ಮುಂಬೈ ಪಕ್ಕ ಇದ್ದಾರೆ. ನೀವು ಬನವಾಸಿ ಪಕ್ಕ.

ಬನವಾಸಿ_ರೋಡ್
ಗೋಕರ್ಣ, ಮುರ್ಡೇಶ್ವರಕ್ಕೆ ಬರುವ ಜನ ಕಡಿಮೆಯಾ? ಯಾಣ, ಸಹಸ್ರಲಿಂಗ, ಬನವಾಸಿ ಅಂತ ಬೆಂಗಳೂರಿನವರು ವೀಕೆಂಡ್ ಬರ್ತಾರೆ. ಹೋಮ್‌ಸ್ಟೇಗಳೆಲ್ಲ ತುಂಬಿರ್ತವೆ.

ಕಾಳಿ_ದಂಡೆ
ಬರ್ತಾರೆ. ತಂಬುಳಿ, ತೊಡದೇವು ತಿಂದು, ಜೇನು ತಗೊಂಡು ಹೋಗ್ತಾರೆ. ವೈನ್ ಕೊಳ್ತಾರೆ ಅಂತ ಹೇಳಿದವರು ಯಾರು? ಹೋಮ್‌ಸ್ಟೇಯಲ್ಲಿ ಲೈಸೆನ್ಸ್ ಇಲ್ಲದೆ ಒಂದು ಗ್ಲಾಸ್ ಕೊಟ್ಟರೂ ಕೇಸ್.

ನೆಲದ_ಮಾತು
ನನ್ನದೊಂದು ವಿರೋಧ ಇರಲಿ. ಹಣ್ಣಿನ ಹೆಸರಲ್ಲಿ ಹೆಂಡ ಮಾಡೋದನ್ನು ಕೃಷಿ ಅಂತ ಯಾಕೆ ಕರೀತೀರಿ? ನಮ್ಮ ಕೇರಿಯಲ್ಲಿ ಕುಡಿತದಿಂದ ಹಾಳಾದ ಮನೆ ಎಷ್ಟಿವೆ. 2007ರ ಜುಲೈಯಲ್ಲಿ ಇದೇ ರಾಜ್ಯ ಸಾರಾಯಿ ನಿಲ್ಲಿಸಿತು. ಅದೇ ವರ್ಷ ವೈನ್ ನೀತಿ ತಂದಿತು. ಬಡವನ ಪ್ಯಾಕೆಟ್ ಕೆಟ್ಟದ್ದು, ಉಳ್ಳವನ ಬಾಟ್ಲಿ ಒಳ್ಳೇದು.

ಲೆಕ್ಕದ_ಹೆಗಡೆ
ನೀವು ಹೇಳಿದ ವರ್ಷ ಸರಿ. ಆ ನೀತಿಯ ಹೆಸರೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ, 2007. ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರನ್ನು ಕಣ್ಣ ಮುಂದೆ ಇಟ್ಟು ಬರೆದದ್ದು. ಬೆಲೆ ಬಿದ್ದಾಗ ಹಣ್ಣು ರಸ್ತೆಗೆ ಚೆಲ್ಲುವ ಬದಲು ಒಂದು ದಾರಿ ಇರಲಿ ಅಂತ. ನಮ್ಮ ಅನಾನಸ್ ಬೆಳೆಗಾರರ ಕಷ್ಟವೂ ಅದೇ ಅಲ್ವಾ?

ನೆಲದ_ಮಾತು
ಕಷ್ಟ ಅದೇ. ಪರಿಹಾರ ಜಾಮ್ ಆಗಲಿ, ಜ್ಯೂಸ್ ಆಗಲಿ. ಕೇಳುವ ಹಕ್ಕು ನನಗಿದೆ, ಕೇಳಿದೆ.

ಮೀನ್_ಪೇಟೆ_ಕಾರವಾರ
ಬಂಗಡೆ ಹುರಿದದ್ದಕ್ಕೆ ಜಾಮ್ ಹೊಂದೋದಿಲ್ಲ ಸರ್.

ವೇದಿಕೆ_ಮೇಲ್ವಿಚಾರಕ
ಕುಡಿತ ಸರಿಯೋ ತಪ್ಪೋ ಅನ್ನೋದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಖರ್ಚಿನ ಮಾತು.

ಪೊಳೆಂ_ದಾರಿ
ಮನೆಯಲ್ಲೇ ಸ್ವಲ್ಪ ಮಾಡಿ ಮೊದಲು ಊರಲ್ಲಿ ಮಾರಿ ನೋಡಬಹುದಲ್ಲ? ಮಡಿಕೇರಿಯಲ್ಲಿ ಅಂಗಡಿ ಅಂಗಡಿಯಲ್ಲಿ "ಹೋಮ್‌ಮೇಡ್ ವೈನ್" ಬೋರ್ಡ್ ಇದೆ.

ಲೆಕ್ಕದ_ಹೆಗಡೆ
ಬೇಡವೇ ಬೇಡ. ಕರ್ನಾಟಕ ಅಬಕಾರಿ ಕಾಯ್ದೆ, 1965. ಮದ್ಯ ತಯಾರಿಸೋಕೆ ಲೈಸೆನ್ಸ್ ಬೇಕು, ಮಾರೋಕೂ ಬೇಕು. ಬೋರ್ಡ್ ಇದ್ದ ಮಾತ್ರಕ್ಕೆ ಕಾನೂನು ಬದಲಾಗೋದಿಲ್ಲ. ಮುಂದೆ ಲೈಸೆನ್ಸ್‌ಗೆ ಅರ್ಜಿ ಹಾಕುವವನ ಹೆಸರಲ್ಲಿ ಒಂದು ಅಬಕಾರಿ ಕೇಸ್ ಇದ್ದರೆ ಏನಾಗುತ್ತದೆ ಯೋಚಿಸಿ.

ಪೊಳೆಂ_ದಾರಿ
ಸರಿ ಸರಿ. ಕಾಣಕೋಣದಲ್ಲಿ ನಮ್ಮ ಮಾವಶಿ ಕ್ರಿಸ್‌ಮಸ್‌ಗೆ ಸಿಹಿ ವೈನ್ ಮಾಡಿ ಮಂಚದ ಕೆಳಗೆ ಇಟ್ಟಿದ್ದರು. ರಾತ್ರಿ ಒಂದೊಂದೇ ಬಾಟ್ಲಿ ಢಂ ಅಂದಿತು. ಮನೆಯವರು ಕಳ್ಳ ಬಂದ ಅಂತ ಎದ್ದರು. ಹಾಸಿಗೆ, ಗೋಡೆ ಎಲ್ಲಾ ಕೆಂಪು.

ಟ್ಯಾಂಕ್_ಮೇಸ್ತ್ರಿ
ನಗು ಬಂತು, ಆದರೆ ಇದೂ ಖರ್ಚಿನ ಮಾತೇ. ಸಿಹಿ ಉಳಿಸಿದ ವೈನ್‌ನಲ್ಲಿ ಒಂದಿಷ್ಟು ಯೀಸ್ಟ್ ಬದುಕಿದ್ದರೆ ಬಾಟ್ಲಿಯೊಳಗೆ ಮತ್ತೆ ಹುದುಗು ಶುರು. ಗ್ಯಾಸ್ ಹೋಗೋಕೆ ಜಾಗ ಇಲ್ಲ. ನಮ್ಮ ಜನಕ್ಕೆ ಸಿಹಿಯೇ ಬೇಕು, ಹಾಗಾಗಿ ಹಣ್ಣಿನ ವೈನ್‌ನವರಿಗೆ ಈ ಅಪಾಯ ಜಾಸ್ತಿ. 0.45 ಮೈಕ್ರಾನ್ ಫಿಲ್ಟರ್ ಹಾಕಿ ತುಂಬಬೇಕು, ಯೀಸ್ಟ್ ಬೆಳೆಯದಂತೆ ಸೋರ್ಬೇಟ್ ಹಾಕುವವರೂ ಇದ್ದಾರೆ. ಈ ಒಂದು ಫಿಲ್ಟರ್ ಬಿಟ್ಟು ದುಡ್ಡು ಉಳಿಸಿದವನ ಮಾಲು ಅಂಗಡಿಯ ಕಪಾಟಿನಲ್ಲಿ ಒಡೆದರೆ ಆ ಅಂಗಡಿ ಅವನಿಗೆ ಮತ್ತೆ ಬಾಗಿಲು ತೆರೆಯೋದಿಲ್ಲ.

ಜೇನುಗೂಡು_ಯಲ್ಲಾಪುರ
ಜೇನಿನ ವೈನ್ ಬಗ್ಗೆ ಯಾರಾದರೂ ಯೋಚಿಸಿದ್ದೀರಾ? ಪುಣೆಯಲ್ಲಿ ಮೂನ್‌ಶೈನ್ ಮೀಡರಿ ಅಂತ ಅದನ್ನೇ ಮಾಡ್ತಾರೆ. ಜೇನು ಕೆಡೋದಿಲ್ಲ, ಯಾವಾಗ ಬೇಕಾದರೂ ಹುದುಗಿಸಬಹುದು. ಕೋಲ್ಡ್ ಸ್ಟೋರೇಜ್ ಬೇಡ, ಸಿಪ್ಪೆ ಇಲ್ಲ, ಕಸ ಇಲ್ಲ.

ಟ್ಯಾಂಕ್_ಮೇಸ್ತ್ರಿ
ಯಂತ್ರದ ಖರ್ಚು ನಿಜಕ್ಕೂ ಇಳಿಯುತ್ತದೆ. ಆದರೆ ತುಡುವೆ ಜೇನಿನ ರೇಟಿಗೆ ಲೆಕ್ಕ ಹಾಕಿ ನೋಡಿ. ಲೀಟರ್ ವೈನ್‌ಗೆ ಕಾಲು ಕೆಜಿಗಿಂತ ಜಾಸ್ತಿ ಜೇನು ಬೇಕು. ಬಾಟ್ಲಿ ಗಾಜಿಗಿಂತ ಒಳಗಿನದೇ ದುಬಾರಿ ಆಗುವ ಅಪರೂಪದ ಕೇಸ್ ಅದು.

ಜೇನುಗೂಡು_ಯಲ್ಲಾಪುರ
ಹಾಗಾದರೆ ನಾನು ಜೇನೇ ಮಾರ್ತೇನೆ.

ಸೊಪ್ಪಿನಬೆಟ್ಟ
ಕಸದ ಮಾತು ಬಂತು. 20 ಟನ್ ಹಣ್ಣಿನಲ್ಲಿ 10 ಟನ್ ರಸ ಆದರೆ ಉಳಿದ 10 ಟನ್ ಸಿಪ್ಪೆ, ಜುಟ್ಟು, ಚರಟ ಎಲ್ಲಿ ಹೋಗುತ್ತದೆ? ತೊಳೆದ ನೀರು? ಅದನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಮೀನು ಸಾಯ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಎರಡು ಸಲ ಬೇಕು: ಕಟ್ಟುವ ಮೊದಲು, ನಡೆಸುವ ಮೊದಲು. ಕೊಳಚೆ ಶುದ್ಧ ಮಾಡುವ ತೊಟ್ಟಿಯ ಖರ್ಚು ಯಾರ ಪಟ್ಟಿಯಲ್ಲೂ ಕಾಣಲಿಲ್ಲ.

ಬನವಾಸಿ_ರೋಡ್
ಸಿಪ್ಪೆ ದನಕ್ಕೆ ಹಾಕಬಹುದು, ಪಕ್ಕದ ಡೈರಿಯವರು ಈಗಲೇ ಕೇಳ್ತಾರೆ. ನೀರಿನ ತೊಟ್ಟಿ ಪಟ್ಟಿಯಲ್ಲಿ ಇಲ್ಲ, ಸೇರಿಸ್ತೇನೆ. ಅಬಕಾರಿ ಲೈಸೆನ್ಸ್ ವಿಷಯ ಯಾರಾದರೂ ಹೇಳಿ.

ಲೆಕ್ಕದ_ಹೆಗಡೆ
ಮದ್ಯ ರಾಜ್ಯದ ವಿಷಯ, ಹಾಗಾಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಕೇರಳ 2022ರಲ್ಲಿ ಹಣ್ಣಿನ ವೈನ್‌ಗೆಂದೇ ಸಣ್ಣ ವೈನರಿ ನಿಯಮ ತಂದಿತು. ಮಹಾರಾಷ್ಟ್ರ 2001ರಲ್ಲೇ ದ್ರಾಕ್ಷಿ ನೀತಿ ಮಾಡಿತ್ತು. ನಮ್ಮಲ್ಲಿ ಶುರು ಮಾಡುವ ಜಾಗ ಎರಡು: ಕಾರವಾರದ ಅಬಕಾರಿ ಕಚೇರಿ, ಬೆಂಗಳೂರಿನ ದ್ರಾಕ್ಷಾರಸ (ವೈನ್) ಮಂಡಳಿ. ಹಣ್ಣಿನ ಹೆಸರು ಬರೆದು ಲಿಖಿತವಾಗಿ ಕೇಳಿ, ಲಿಖಿತವಾಗಿ ಉತ್ತರ ತಗೊಳ್ಳಿ. ಬಾಯಿಮಾತಿಗೆ ಟ್ಯಾಂಕ್ ತರಬೇಡಿ.

ಒಂದು ಸೂಕ್ಷ್ಮ ಇದೆ. ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತದೆ. ಎಪ್ರಿಲ್‌ನಲ್ಲಿ ಲೈಸೆನ್ಸ್ ಕೈಗೆ ಬಂದರೆ ಖುಷಿಪಡುವ ಮುಂಚೆ ಕ್ಯಾಲೆಂಡರ್ ನೋಡಿ, ಮೂರೇ ತಿಂಗಳಲ್ಲಿ ಆ ವರ್ಷ ಮುಗಿಯುತ್ತದೆ. ಇದರ ಮೇಲೆ ಲೇಬಲ್ ಮಂಜೂರಾತಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್. ಮದ್ಯಕ್ಕೆಂದೇ ಅವರು 2018ರಲ್ಲಿ ಮಾನದಂಡ ಮಾಡಿದ್ದಾರೆ, ಬಾಟ್ಲಿ ಮೇಲೆ ಎಚ್ಚರಿಕೆ ಸಾಲು ಕಡ್ಡಾಯ. ಗೋವಾಕ್ಕೋ ಮಹಾರಾಷ್ಟ್ರಕ್ಕೋ ಕಳಿಸ್ತೇನೆ ಅಂದರೆ ಅಲ್ಲಿ ಮತ್ತೆ ಲೇಬಲ್ ನೋಂದಣಿ, ಮತ್ತೆ ಶುಲ್ಕ.

ದೊಡ್ಡ ಖರ್ಚು ಶುಲ್ಕ ಅಲ್ಲ, ಕಾಯುವುದು. ಶೆಡ್ ಕಟ್ಟಿ, ಟ್ಯಾಂಕ್ ಕೂರಿಸಿ, ಸಾಲದ ಕಂತು ಶುರುವಾಗಿ, ಲೈಸೆನ್ಸ್ ಬಾರದೆ ಕೂತಿರುವ ತಿಂಗಳುಗಳು. ಮೊದಲ ಬಾಟ್ಲಿ ಮಾರುವವರೆಗೆ ಒಂದೂವರೆ ವರ್ಷದ ಕಂತು ಕೈಯಲ್ಲಿ ಇಟ್ಟುಕೊಂಡೇ ಇಳಿಯಿರಿ ಅಂತ ನಾನು ನನ್ನ ಕಕ್ಷಿದಾರರಿಗೆ ಹೇಳೋದು.

ಕಾಳಿ_ದಂಡೆ
ಬ್ಯಾಂಕಿನ ಕತೆಯೂ ಕೇಳಿ. ನನ್ನ ದೋಸ್ತ್ ಒಬ್ಬ ಬಾರ್ ಸುಧಾರಿಸೋಕೆ ಸಾಲ ಕೇಳಿದ. ಮ್ಯಾನೇಜರ್ ಸಾಹೇಬರು ಟೀ ಕುಡಿಸಿ, ಮನೆ ಪತ್ರ ಇದೆಯಾ, ಬಂಗಾರ ಇದೆಯಾ ಅಂತ ಕೇಳಿ ಕಳಿಸಿದರು. ತುಂಬಿದ ಟ್ಯಾಂಕ್ ಅಡಮಾನಕ್ಕೆ ಆಗೋದಿಲ್ಲವಂತೆ.

ಆಯಿ_ಕೈರುಚಿ
ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ಶಿರಸಿಯಲ್ಲಿ ಮುರುಗಲು, ಅನಾನಸ್, ನೆಲ್ಲಿ ಸಿರಪ್ ಮಾಡಿ ಮಾರ್ತೇನೆ. ವೈನ್ ವಿಷಯ ಗೊತ್ತಿಲ್ಲ, ಹಣ್ಣಿನ ವಿಷಯ ಗೊತ್ತು.

ಮಾಣಿ, ಮುರುಗಲಿಂದ ಶುರು ಮಾಡ್ತೇನೆ ಅಂತ ಮಾತ್ರ ಹೋಗಬೇಡ. ಅದರ ಹುಳಿಗೆ ಹುದುಗು ಏಳೋದೇ ಕಷ್ಟ ಅಂತ ಇಲ್ಲಿಯ ತೋಟಗಾರಿಕೆ ಕಾಲೇಜಿನ ತರಬೇತಿಯಲ್ಲಿ ಕೇಳಿದ್ದೆ. ನೀರು ಸೇರಿಸಿ ಹುಳಿ ಇಳಿಸಬೇಕು, ಆಗ ಬಣ್ಣ, ರುಚಿ ತೆಳು. ಎಪ್ರಿಲ್, ಮೇ ತಿಂಗಳಲ್ಲಿ ಹಣ್ಣು, ಮಳೆ ಬಿದ್ದರೆ ಮುಗೀತು. ಹಲಸಿನದ್ದು ಇನ್ನೊಂದು ರಗಳೆ, ಮೇಣ ಬಿಡಿಸಿ ತೊಳೆ ತೆಗೆಯೋಕೇ ಅರ್ಧ ಕೂಲಿ.

ಮೊದಲು ರಸ ತೆಗೆಯುವ ಘಟಕ ಮಾಡು. ಹಣ್ಣು ತೊಳೆಯುವುದು, ಹಿಂಡುವುದು, ಬಿಸಿ ಮಾಡಿ ತುಂಬುವುದು, ಶೀತಕೋಣೆ. ಇದಕ್ಕೆ ಅಬಕಾರಿಯವರ ಹಂಗಿಲ್ಲ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ 35% ಸಹಾಯಧನ, 10 ಲಕ್ಷದವರೆಗೆ, ಅದರ ಮೇಲೆ ರಾಜ್ಯದ್ದು 15% ಇತ್ತು; ಈಗಲೂ ಇದೆಯಾ ಕೇಳಿಕೋ. ಸಿರಪ್ ಮಾರುತ್ತಾ ಅಂಗಡಿಯವರ ಪರಿಚಯ ಮಾಡಿಕೋ. ನಾಳೆ ವೈನ್ ಲೈಸೆನ್ಸ್ ಬಂದರೆ ಅರ್ಧ ಯಂತ್ರ ಮನೆಯಲ್ಲೇ ಇರ್ತದೆ.

ಬನವಾಸಿ_ರೋಡ್
ಅಕ್ಕಾ, ಸಿರಪ್‌ನಲ್ಲಿ ಲಾಭ ಉಳಿಯುತ್ತದಾ? ಶಿರಸಿ ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಹತ್ತು ಬ್ರ್ಯಾಂಡ್ ಸಿರಪ್ ಇವೆ.

ಆಯಿ_ಕೈರುಚಿ
ಉಳಿಯುತ್ತದೆ, ಕೋಟಿ ಅಲ್ಲ. ಹತ್ತರಲ್ಲಿ ನನ್ನದೂ ಒಂದು. ಮಾರಿಕಾಂಬಾ ಜಾತ್ರೆ ಬಂದ ವರ್ಷ ಒಳ್ಳೆ ವ್ಯಾಪಾರ. ಆದರೆ ನನ್ನ ಮಾಲು ಮಾರೋಕೆ ಯಾರ ಪರ್ಮಿಟ್ಟೂ ಬೇಡ, ಅಕ್ಟೋಬರ್ 2ಕ್ಕೂ ಅಂಗಡಿ ತೆರೆದಿರ್ತದೆ.

ಟ್ಯಾಂಕ್_ಮೇಸ್ತ್ರಿ
ಅಕ್ಕ ಹೇಳಿದ್ದಕ್ಕೆ ನನ್ನದೊಂದು ಸೇರಿಸ್ತೇನೆ. ರಸ ನಿಮ್ಮಲ್ಲಿ ತೆಗೆಯಿರಿ, ತಣ್ಣಗೆ ಮಾಡಿ ಟ್ಯಾಂಕರ್‌ನಲ್ಲಿ ಈಗಾಗಲೇ ಲೈಸೆನ್ಸ್ ಇರುವ ವೈನರಿಗೆ ಕಳಿಸಿ, ಅವರಲ್ಲಿ ಬಾಡಿಗೆಗೆ ವೈನ್ ಮಾಡಿಸಿ. ದ್ರಾಕ್ಷಿ ವೈನರಿಗಳಲ್ಲಿ ಜನವರಿ ಕೊಯ್ಲಿನ ಮೊದಲು, ಅಕ್ಟೋಬರ್‌ನಿಂದ ಡಿಸೆಂಬರ್ ಹೊತ್ತಿಗೆ ಟ್ಯಾಂಕ್ ಖಾಲಿ ಬಿದ್ದಿರ್ತವೆ. ನಿಮ್ಮ ಅನಾನಸ್ ಆ ಹೊತ್ತಿಗೆ ಬರುವ ಹಾಗೆ ಎಥ್ರೆಲ್ ಲೆಕ್ಕ ಹಾಕಬಹುದು. ಅವರ ಲೈಸೆನ್ಸ್‌ನಲ್ಲಿ ಹಣ್ಣಿನ ವೈನ್‌ಗೆ ಅವಕಾಶ ಇದೆಯಾ ಅಂತ ಮೊದಲು ನೋಡಿ. ಬ್ರ್ಯಾಂಡ್ ನಿಮ್ಮದು, ಶೆಡ್ ಅವರದು. 2,000 ಬಾಟ್ಲಿ ಮಾಡಿಸಿ, ಮಾರಿ ತೋರಿಸಿ. ಹೋದರೆ ಆ 2,000 ಬಾಟ್ಲಿಯ ದುಡ್ಡು ಹೋಗುತ್ತದೆ, ತೋಟ ಹೋಗೋದಿಲ್ಲ.

ಕಾಳಿ_ದಂಡೆ
ಈಗ ಸ್ವಲ್ಪ ಬುದ್ಧಿ ಮಾತು ಕೇಳಿದ ಹಾಗಾಯ್ತು. ಆದರೆ ಮಳೆಗಾಲದಲ್ಲಿ ಟ್ಯಾಂಕರ್ ಹೊರಡಿಸಬೇಡಿ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಲಾರಿಗಳ ಗತಿ ನೋಡಿದ್ದೇವೆ. ಅದರ ಮುಂದಿನ ತಿಂಗಳು ಕಾಳಿ ನದಿಯ ಹಳೇ ಸೇತುವೆ ಬಿತ್ತು.

ಮೀನ್_ಪೇಟೆ_ಕಾರವಾರ
ಸೇತುವೆ ಮಾತು ಎತ್ತಬೇಡಿ, ಬಿಪಿ ಏರುತ್ತದೆ.

ಗೇರುಗುಡ್ಡೆ_ಹೊನ್ನಾವರ
ಅರುಣಾಚಲದ ಝೀರೋದಲ್ಲಿ ಕಿವಿ ಹಣ್ಣಿನ ವೈನ್ ಮಾಡ್ತಾರಲ್ಲ, ನಾರಾ ಆಬಾ ಅಂತ. ಅಲ್ಲಿಯ ರಸ್ತೆ ನಮ್ಮದಕ್ಕಿಂತ ಚೆನ್ನಾಗಿದೆಯಾ? ಅವರಿಗೆ ಆದದ್ದು ನಮಗೆ ಯಾಕಾಗಬಾರದು?

ಲೆಕ್ಕದ_ಹೆಗಡೆ
ಆಗಬಾರದು ಅಂತ ಯಾರೂ ಹೇಳಲಿಲ್ಲ. 25 ಲಕ್ಷದಲ್ಲಿ ಆಗೋದಿಲ್ಲ ಅಂದದ್ದು. ಸ್ವಂತ ಶೆಡ್ 3,000 ಚದರಡಿಗೆ 1,500ರಂತೆ 45 ಲಕ್ಷ, ಯಂತ್ರ 35, ವರ್ಷದ ನಡೆಸುವ ಖರ್ಚು 25, ನೀರಿನ ತೊಟ್ಟಿ, ಲೈಸೆನ್ಸ್, ಕಾಯುವ ಕಾಲದ ಬಡ್ಡಿ. ಒಂದೂಕಾಲು ಕೋಟಿ ಹತ್ತಿರ. ಯೂಟ್ಯೂಬ್‌ನವರ 15 ಲಕ್ಷದಲ್ಲಿ ಶೆಡ್‌ನ ಛಾವಣಿ ಆಗಬಹುದು.

ಬನವಾಸಿ_ರೋಡ್
ಎಲ್ಲರಿಗೂ ಧನ್ಯವಾದ. ಸ್ವಂತ ವೈನರಿ ಸದ್ಯ ಬೇಡ. ರಸದ ಘಟಕಕ್ಕೆ ಅಕ್ಕನ ಹತ್ತಿರ ಯಂತ್ರದ ಪಟ್ಟಿ ತಗೊಳ್ತೇನೆ. ಅಬಕಾರಿ ಕಚೇರಿಗೆ ಪತ್ರ ಬರೀತೇನೆ. ಬಾಡಿಗೆಗೆ ಮಾಡಿಸುವ ವಿಷಯ ಟ್ಯಾಂಕ್_ಮೇಸ್ತ್ರಿಯವರ ಹತ್ತಿರ ಕೂತು ಮಾತಾಡಬೇಕು. ಕುಮಟಾದಲ್ಲಿ ಯಾವಾಗ ಸಿಗ್ತೀರಿ?

ನೆಲದ_ಮಾತು
ಸಿರಪ್ ಮಾಡಿದರೆ ನಾನೂ ಎರಡು ಬಾಟ್ಲಿ ಕೊಳ್ತೇನೆ. ಮಾತು ಅಂದರೆ ಮಾತು.

ಟ್ಯಾಂಕ್_ಮೇಸ್ತ್ರಿ
ಭಾನುವಾರ ಬಿಟ್ಟು ಯಾವತ್ತಾದರೂ ಬನ್ನಿ. ಬರುವಾಗ ಬೇರೆ ಬೇರೆ ಹಣ್ಣಾದ ಹಂತದ ಅನಾನಸ್ ಹತ್ತಿಪ್ಪತ್ತು ತನ್ನಿ, ರಸ ಹಿಂಡಿ ಸಿಹಿ, ಹುಳಿ ಅಳೆದು ನೋಡೋಣ. ಅದಿಲ್ಲದೆ ಯಾವ ವೈನರಿಯವನೂ ನಿಮ್ಮ ಹತ್ತಿರ ಮಾತಾಡೋದಿಲ್ಲ. ಹೊರಡುವ ಮುಂಚೆ ದೇವಿಮನೆ ಘಾಟ್ ಓಪನ್ ಇದೆಯಾ ಕೇಳಿಕೊಳ್ಳಿ.